ಒಳಗಿನಮ್ಮನ ವಿಳಾಸ

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ ಒಳಗಿನಮ್ಮನಿಗೆ ಕೂಗಲು ಆಗಲಿಲ್ಲ.

ಹೊರಗೆ, ಅಂಗಡಿಯ ಮುಂಭಾಗದಲ್ಲಿ, ಹೆಂಗಸೊಬ್ಬಳು ಬೀದಿಗೆಲ್ಲ ಕೇಳುವಂತೆ ಕೇಳುತ್ತಿದ್ದಳು: "ರೀ, ಎದೆ ಆಪರೇಷನ್ ಆದವರಿಗೆ ಒಳಂಗಿ ಹೊಲಿದು ಕೊಡ್ತಾರಂತಲ್ಲ, ಇದೇನಾ ಆ ಅಂಗಡಿ?"

ಒಳಗಿನಮ್ಮನ ಗಂಡ ಮಾಸ್ಟರ ಹೊಲಿಗೆ ಯಂತ್ರ ಟಕ್ಕನೆ ನಿಂತಿತು. ಪ್ಯಾಂಟಿನ ಅಳತೆ ಕೊಡಲು ಬಂದಿದ್ದ ಇಬ್ಬರು ಗಂಡಸರು ಮಾತು ನಿಲ್ಲಿಸಿದರು. ಒಳಕೋಣೆಯಲ್ಲಿ, ಎರಡು ಮಡಿಕೆಯ ಪರದೆಯ ಹಿಂದೆ, ಕನ್ನಡಿಯ ಎದುರು ಕೈ ಮೇಲೆತ್ತಿ ನಿಂತಿದ್ದ ಟೀಚರಮ್ಮ ಸರಕ್ಕನೆ ಕೈ ಇಳಿಸಿ ಎದೆಗೆ ಅಡ್ಡ ಹಿಡಿದರು.

ಮಾಸ್ಟರು ಕೆಮ್ಮಿದ್ದು ಕೇಳಿಸಿತು. "ಇಲ್ಲಮ್ಮ. ಇಲ್ಲಿ ಪ್ಯಾಂಟು, ಶರ್ಟು, ಕೋಟು ಅಷ್ಟೇ. ಹೊರಗೆ ಬೋರ್ಡ್ ನೋಡ್ಲಿಲ್ವಾ?"

"ನೋಡಿದೆ. ಬೋರ್ಡಲ್ಲಿ ಇಲ್ಲ ಅಂತಾನೇ ಬಾಯಿ ಬಿಟ್ಟು ಕೇಳ್ತಿರೋದು. ಆಸ್ಪತ್ರೆ ಆಯಾ ಇದೇ ಬೀದಿ ಅಂದ್ಲು."

"ಯಾವ ಆಯಾನೋ, ಯಾವ ಬೀದಿ ಅಂದ್ಲೋ. ಇಲ್ಲಿ ಅಂಥದ್ದೆಲ್ಲ ಇಲ್ಲ, ಹೋಗಮ್ಮ."

ಒಳಗಿನಮ್ಮ ಗುಂಡುಸೂಜಿಗಳನ್ನು ಅಂಗೈಗೆ ಉಗುಳಿಕೊಂಡಳು. ಪರದೆಯತ್ತ ಒಂದು ಹೆಜ್ಜೆ ಇಡುವುದರೊಳಗೆ ಟೀಚರಮ್ಮ ಅವಳ ತೋಳು ಹಿಡಿದರು. "ತೆಗೀಬೇಡಿ! ನಾನು ಹೀಗೆ ನಿಂತಿದ್ದೀನಿ." ಅದೂ ನಿಜವೇ. ಒಳಗಿನಮ್ಮ ದುಪ್ಪಟಿಯೊಂದನ್ನು ಎಳೆದು ಅವರ ಭುಜಕ್ಕೆ ಹೊದಿಸಿ, ಪರದೆಯ ಸಂದಿನಿಂದ ನುಸುಳಿ ಹೊರಗೆ ಬಂದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಬೀದಿಯಲ್ಲಿ ತಳ್ಳುಗಾಡಿಯೊಂದು, ಒಂದು ನಾಯಿ, ಮೂಲೆಯಲ್ಲಿ ತಿರುಗುತ್ತಿದ್ದ ಬಸ್ಸು.

"ಯಾಕೆ ಕಳಿಸಿದ್ರಿ?" ಎಂದಳು.

ಮಾಸ್ಟರು ಕಣ್ಣಲ್ಲೇ ಆ ಇಬ್ಬರು ಗಂಡಸರ ಕಡೆ ತೋರಿಸಿ, ತುಟಿ ಬಿಗಿಹಿಡಿದು, ಮತ್ತೆ ಪೆಡಲು ತುಳಿಯತೊಡಗಿದರು.

ಆ ಅಂಗಡಿಯ ಕಟ್ಟಳೆ ಯಾರೂ ಕೂತು ಮಾಡಿದ್ದಲ್ಲ, ತಾನಾಗಿ ಬೆಳೆದದ್ದು. ಬೇಕಾದ ಹೆಂಗಸು ಬರುತ್ತಾಳೆ, ಏನೂ ಹೇಳುವುದಿಲ್ಲ, ಗೋಡೆಗೆ ಒತ್ತಿಕೊಂಡಿರುವ ಬೆಂಚಿನ ಮೇಲೆ ಕೂರುತ್ತಾಳೆ. ಮಾಸ್ಟರು ಅವಳತ್ತ ನೋಡುವುದಿಲ್ಲ. ಕೈಯಲ್ಲಿದ್ದ ಕೆಲಸ ಬಿಡದೆ ಕತ್ತರಿಯಿಂದ ಮೇಜಿನ ಮೇಲೆ ಒಮ್ಮೆ ಬಡಿಯುತ್ತಾರೆ. ಒಳಗಿನಿಂದ ಪರದೆ ಸರಿಯುತ್ತದೆ. ಕೆಲಸ ಮುಗಿದ ಮೇಲೆ ಹೆಂಗಸು ಹಿತ್ತಿಲ ಬಾಗಿಲಿಂದ ಓಣಿಗೆ ಇಳಿದು ಹೋಗುತ್ತಾಳೆ. ಏನಾದರೂ ಮಾತು ಆಡಬೇಕಾಗಿ ಬಂದರೆ ಅದು ಹವಾಮಾನದ ಮಾತು. ಆಸ್ಪತ್ರೆಯ ವಾರ್ಡಿನಿಂದ ವಾರ್ಡಿಗೆ, ಒಬ್ಬಳ ಕಿವಿಯಿಂದ ಇನ್ನೊಬ್ಬಳ ಕಿವಿಗೆ "ಒಳಗಿನಮ್ಮನ ಹತ್ರ ಹೋಗು, ಸುಮ್ನೆ ಹೋಗಿ ಕೂತ್ಕೋ" ಎಂದು ದಾಟುತ್ತ ಬಂದು ಅವಳಿಗೆ ಆ ಹೆಸರೇ ನಿಂತುಬಿಟ್ಟಿತ್ತು. ಬೆಂಚಿನ ಗುಟ್ಟು ಗೊತ್ತಿಲ್ಲದೆ ಬಾಯಿಬಿಟ್ಟು ಕೇಳಿದವಳು ಇವಳೇ ಮೊದಲು. ಅಥವಾ ಮೊದಲಿನವರು ಯಾರಾದರೂ ಕೇಳಿ, ಇಲ್ಲ ಅನ್ನಿಸಿಕೊಂಡು ಹೋಗಿದ್ದರೆ, ಒಳಗೆ ಯಂತ್ರದ ಸದ್ದಿನಲ್ಲಿ ಅವಳಿಗೆ ಕೇಳಿಸಿರಲಿಲ್ಲ. ಆ ಯೋಚನೆ ಬಂದ ಕೂಡಲೇ ಒಳಗಿನಮ್ಮ ಬೆಂಚಿನತ್ತ ಒಮ್ಮೆ ನೋಡಿ ಒಳಗೆ ಹೋದಳು.

ಒಳಗೆ ಟೀಚರಮ್ಮ ದುಪ್ಪಟಿ ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು. "ಸದ್ಯ, ಹೋದ್ಲಲ್ಲ. ಅಷ್ಟು ಜೋರಾಗಿ ಯಾರಾದ್ರೂ ಕೇಳ್ತಾರಾ? ನಾಚಿಕೆ ಬೇಡ್ವಾ?"

"ಕೈ ಎತ್ತಿ," ಎಂದಳು ಒಳಗಿನಮ್ಮ.

ಅವಳು ಹೊಲಿಯುತ್ತಿದ್ದುದು ಮೆತ್ತನೆ ಹತ್ತಿಬಟ್ಟೆಯ ಚೀಲ. ಅದರೊಳಗೆ ಅರಳೆ, ಅರಳೆಯ ನಡುವೆ ಸಾಸಿವೆ ತುಂಬಿದ ಇನ್ನೊಂದು ಪುಟ್ಟ ಚೀಲ. ಬರೀ ಅರಳೆ ತುಂಬಿದರೆ ನೋಡಲು ಸರಿ, ಆದರೆ ಭಾರವಿರುವುದಿಲ್ಲ. ಒಂದು ಕಡೆ ಹಗುರಾದ ಹೆಂಗಸು ದಿನ ಕಳೆದಂತೆ ಒಂದು ಭುಜ ಎತ್ತಿ ನಡೆಯತೊಡಗುತ್ತಾಳೆ. ಸಾಸಿವೆ ಭಾರ ಕೊಡುತ್ತದೆ, ಒರಗಿದರೆ ಒರಗುತ್ತದೆ, ಬಗ್ಗಿದರೆ ಬಗ್ಗುತ್ತದೆ. ಬಟ್ಟೆ ಒಗೆಯುವಾಗ ಚಿಕ್ಕ ಚೀಲ ಹೊರಗೆ ತೆಗೆದಿಡಬಹುದು. ಮೊದಲನೆಯದನ್ನು ಅವಳು ಹೊಲಿದದ್ದು ತನ್ನ ಅಕ್ಕನಿಗೆ, ಆಪರೇಷನ್ ಆದ ಮೇಲೆ ಕಿಟಕಿಯ ಹತ್ತಿರವೂ ನಿಲ್ಲದೆ ಕೂತುಬಿಟ್ಟಿದ್ದ ಅಕ್ಕನಿಗೆ. ಆ ಸಾಸಿವೆಯನ್ನು ಸಂಜೆ ಹೊತ್ತು ಮೊರಕ್ಕೆ ಹಾಕಿಕೊಂಡು ಕಲ್ಲು ಆರಿಸಿ ಕೊಡುವವರು ಮಾಸ್ಟರೇ. ಅಡುಗೆಗೆ ಇಷ್ಟೊಂದು ಸಾಸಿವೆ ಯಾಕೆ ಎಂದು ಅವರೂ ಕೇಳಿದ್ದಿಲ್ಲ, ಇವಳೂ ಹೇಳಿದ್ದಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಒಳಗಿನಮ್ಮ ಸೊಸೆಯತ್ತ ತಿರುಗಿದಳು. ಮಗ ಲಾರಿ ಹತ್ತಿ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಸೊಸೆ ಅಂಗಡಿಯಲ್ಲಿ ಕಾಜಾ ಹಾಕುತ್ತ, ಗುಂಡಿ ಹಚ್ಚುತ್ತ, ಬಿಡುವಾದಾಗ ಫೋನಿನಲ್ಲಿ ಏನೋ ಕುಟ್ಟುತ್ತ ಇರುತ್ತಿದ್ದಳು. ಅಂಗಡಿಗೊಂದು ವೆಬ್‌ಸೈಟ್ ಬೇಕು ಎಂದು ಅವಳು ಹಟ ಹಿಡಿದು ಎಷ್ಟೋ ತಿಂಗಳಾಗಿತ್ತು. ರೆಡಿಮೇಡ್ ಬಂದ ಮೇಲೆ ಪ್ಯಾಂಟಿಗೆ ಬರುವವರು ಮುದುಕರು, ಇಲ್ಲವೆ ಹೊಟ್ಟೆ ಬಂದವರು, ಇಷ್ಟೇ ಎಂದು ಅವಳ ವಾದ. ಒಳಗಿನಮ್ಮ ಪ್ರತಿ ಸಲವೂ ಒಂದೇ ಮಾತಲ್ಲಿ ತಳ್ಳಿಹಾಕುತ್ತಿದ್ದಳು: "ನನ್ನ ಹೆಂಗಸರನ್ನ ಆ ಫೋನಲ್ಲಿ ಹರಾಜಿಗೆ ಇಡಬೇಡ."

ಈಗ ಅವಳೇ ಕೇಳಿದಳು: "ಆ ನಿನ್ನ ಸೈಟು ಎಲ್ಲಿ? ತೋರ್ಸು."

ಸೊಸೆ ಅನ್ನದ ಕೈ ಬಿಟ್ಟು ಇನ್ನೊಂದು ಕೈಯಲ್ಲಿ ಫೋನು ಹಿಡಿದಳು. "ಇನ್ನೂ ಹೊರಗೆ ಬಿಟ್ಟಿಲ್ಲ ಅತ್ತೆ, ಮಾವ ಒಪ್ಪಿದಷ್ಟು ಮಾಡಿಟ್ಟಿದ್ದೀನಿ."

ಮೊದಲು ಕೋಟು ತೊಟ್ಟ ಒಬ್ಬ ಗಂಡಸು ಕಂಡ. ಆಮೇಲೆ ನಗುತ್ತ ತಿರುಗಿ ನೋಡುವ ಒಬ್ಬ ಹುಡುಗಿ.

"ಯಾರ ಮಗಳು ಇವಳು?"

"ಯಾರೋ, ಅತ್ತೆ. ಫೋಟೋ ಪುಕ್ಕಟೆ ಸಿಗ್ತವೆ."

"ಇದು ನಾವು ಹೊಲಿದ ಅಂಗಿ ಅಲ್ಲ. ಕಂಕುಳಲ್ಲಿ ಹೇಗೆ ಸುಕ್ಕು ಹಿಡ್ದಿದೆ ನೋಡು. ಇಂಥದ್ದನ್ನ ಹೊಲಿದು ಕೊಟ್ಟಿದ್ರೆ ಮುಖಕ್ಕೆ ಎಸೀತಿದ್ರು." ಒಳಗಿನಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದಳು. "ನಾನು ಎಲ್ಲಿದ್ದೀನಿ ಇದರಲ್ಲಿ?"

ಸೊಸೆಯ ಹೆಬ್ಬೆರಳು ಮೇಲಕ್ಕೆ ತಳ್ಳುತ್ತ ಹೋಯಿತು. ಬಟನ್ನು, ಬಟ್ಟೆ, ಬಣ್ಣ, ಮಾಸ್ಟರ ಅನುಭವ. ಕಟ್ಟಕಡೆಗೆ, ಇನ್ನು ಮುಂದೆ ಹೋಗಲು ಜಾಗವೇ ಇಲ್ಲದ ಕಡೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಸಾಲು: ವಿಶೇಷ ಅಗತ್ಯಗಳಿಗಾಗಿ ವಿಚಾರಿಸಿ.

"ಇದು ನಾನಾ?"

"ಮಾವ ಇಷ್ಟು ಸಾಕು ಅಂದ್ರು."

ಮಾಸ್ಟರು ತಟ್ಟೆಯಿಂದ ತಲೆ ಎತ್ತಲಿಲ್ಲ. "ಅರ್ಥ ಮಾಡ್ಕೊಳ್ಳೋರು ಮಾಡ್ಕೋತಾರೆ," ಎಂದರು.

"ಇವತ್ತು ಬಂದಿದ್ದಳಲ್ಲ, ಅವಳು ಇದನ್ನ ನೋಡಿದ್ರೆ ಅರ್ಥ ಮಾಡ್ಕೋತಿದ್ಲಾ?"

"ನಿನ್ನ ಮರ್ಯಾದೆ ಕಾಪಾಡ್ದೆ ಕಣೆ ನಾನು. ಆ ಗಂಡಸರ ಮುಂದೆ ಏನು ಹೇಳ್ಲಿ?"

"ನನ್ನ ಮರ್ಯಾದೆ ನಿಮ್ಮ ಕೈಲಿ ಯಾವತ್ತು ಕೊಟ್ಟಿದ್ದೆ?" ಎಂದು ಒಳಗಿನಮ್ಮ ಎದ್ದಳು. ತಟ್ಟೆಯಲ್ಲಿ ಅರ್ಧ ಊಟ ಹಾಗೇ ಉಳಿಯಿತು.

ಹೋದವಳ ಬಗ್ಗೆ ಗೊತ್ತಿದ್ದುದು ಸೊಸೆ ಕಂಡಷ್ಟೇ: ಖಾಕಿ ಶರ್ಟು, ಭುಜದಿಂದ ಅಡ್ಡಲಾಗಿ ಇಳಿಬಿಟ್ಟ ಚರ್ಮದ ಚೀಲ, ಕೈಯಲ್ಲಿ ಟಿಕೆಟ್ ಯಂತ್ರ. ಮರುದಿನ ಬೆಳಿಗ್ಗೆ ಒಳಗಿನಮ್ಮ ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿ ಬಸ್ ನಿಲ್ದಾಣಕ್ಕೆ ಹೋದಳು. ಕಿಟಕಿಯಲ್ಲಿ ಕೂತಿದ್ದವನಿಗೆ, ಲೇಡಿ ಕಂಡಕ್ಟರು, ಸ್ವಲ್ಪ ದನಿ ಜಾಸ್ತಿ, ಎನ್ನುವಷ್ಟರಲ್ಲಿ ಅವನು ನಕ್ಕ. "ಆ ಗಂಟಲಾ? ಮಾರ್ಕೆಟ್ ರೂಟು. ಅಗೋ, ಹೊರಡ್ತಿದೆ, ಓಡಿ."

ಓಡುವ ವಯಸ್ಸಲ್ಲ. ಆದರೂ ಓಡಿದಳು. ಬಸ್ಸಿನಲ್ಲಿ ಸೀಟು ಭರ್ತಿಯಾಗಿ ಜನ ನಿಂತಿದ್ದರು. ಕಂಡಕ್ಟರು ದಪ್ಪ ಮೂಳೆಯ, ಕಪ್ಪನೆಯ, ನಲವತ್ತು ದಾಟಿದ ಹೆಂಗಸು. ಜನರ ನಡುವೆ ದೋಣಿ ನುಗ್ಗಿದ ಹಾಗೆ ನುಗ್ಗುತ್ತಿದ್ದಳು. ನಾಲ್ಕು ಹೆಜ್ಜೆಗೊಮ್ಮೆ ಅವಳ ಎಡಗೈ ಚೀಲದ ಪಟ್ಟಿಯನ್ನು ಎಳೆದು ಭುಜದ ತುದಿಗೆ ತಳ್ಳುತ್ತಿತ್ತು; ಪಟ್ಟಿ ಮತ್ತೆ ಜಾರಿ ಎದೆಯ ಎಡಗಡೆಯ ತಗ್ಗಿಗೆ ಇಳಿಯುತ್ತಿತ್ತು. ಒಳಗಿನಮ್ಮ ಬೇರೇನನ್ನೂ ನೋಡಲಿಲ್ಲ, ಅದನ್ನೇ ನೋಡಿದಳು.

"ಎಲ್ಲಿಗಮ್ಮ?"

ಒಳಗಿನಮ್ಮ ಅವಳ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದಳು. "ನಿನ್ನೆ ನೀನು ಬಂದಿದ್ದೆಯಲ್ಲ, ಟೈಲರ್ ಅಂಗಡಿಗೆ... ಆ ಹೊಲಿಗೆಯವಳು ನಾನೇ. ಇದೆ. ಇಲ್ಲ ಅಂದದ್ದು ಸುಳ್ಳು."

ಕಂಡಕ್ಟರು ಅವಳನ್ನು ತಲೆಯಿಂದ ಕಾಲಿನವರೆಗೆ ಅಳೆದಳು. ಆಮೇಲೆ ಹಿಂದಿನ ಬಾಗಿಲಿನವರಿಗೂ ಕೇಳುವಂತೆ, "ಆಹಾ! ಇದೆ ಅನ್ನೋದನ್ನ ಹೇಳೋಕೆ ಬಸ್ ಹತ್ತಿ ಬಂದ್ರಾ? ಅಂಗಡೀಲೇ ಹೇಳೋಕಾಗ್ಲಿಲ್ವಾ?" ಎಂದಳು.

"ಮೆಲ್ಲಗೆ, ಮೆಲ್ಲಗೆ."

"ಮೆಲ್ಲಗೆ ಮಾತಾಡಿದ್ರೆ ನನಗೆ ಸಂಬಳ ಕೊಡಲ್ಲ ಅಕ್ಕ. ಇರಿ, ಈ ಸ್ಟಾಪ್ ದಾಟ್ಲಿ." ಅವಳು ಶಿಳ್ಳೆ ಊದಿದಳು, ಇಬ್ಬರನ್ನು ಇಳಿಸಿದಳು, ಒಬ್ಬ ವಿದ್ಯಾರ್ಥಿಯನ್ನು ಪಾಸು ತೋರಿಸೆಂದು ಗದರಿದಳು, ಹಿಂದಿರುಗಿ ಬಂದು ಕಂಬಕ್ಕೆ ಒರಗಿದಳು. ಈಗ ದನಿ ಸ್ವಲ್ಪ ತಗ್ಗಿತ್ತು, ಸ್ವಲ್ಪ ಮಾತ್ರ.

"ಆಯಾ ಬೀದಿ ಹೇಳಿದ್ಲು, ಅಂಗಡಿ ಹೇಳ್ಲಿಲ್ಲ. ಅಲ್ಲಿ ಹೋಗಿ ಕೂತ್ಕೋ ಅಂದ್ಲು. ಎಲ್ಲಿ ಅಂತ ಕೂರ್ಲಿ, ಬೀದಿ ಮಧ್ಯಾನಾ? ಔಷಧಿ ಅಂಗಡಿಯವನ್ನ ಕೇಳ್ದೆ. ಅವನು ನೆಲ ನೋಡ್ದ. ಬಳೆ ಅಂಗಡಿಯವಳನ್ನ ಕೇಳ್ದೆ, ಅಯ್ಯೋ ಪಾಪ ಅಂದ್ಲು, ಅಂಗಡಿ ಮಾತ್ರ ಹೇಳ್ಲಿಲ್ಲ. ಸೈಕಲ್ ರಿಪೇರಿಯವನ್ನ ಕೇಳ್ದೆ. ಅವನು ನಕ್ಕ. ಆಮೇಲೆ ನಿಮ್ಮ ಯಜಮಾನ್ರು. ಇಷ್ಟು ಗಂಡಸರ ಮುಂದೆ ನನ್ನ ಎದೆ ವಿಷಯ ಮಾತಾಡಿದ್ದು ಇದೇ ಮೊದಲು ಅಕ್ಕ. ನಿಮ್ಮ ಗುಟ್ಟು ನೀವು ಕಾಪಾಡ್ಕೊಂಡ್ರಿ. ನನ್ನದನ್ನ ಬೀದಿ ತುಂಬ ಹಂಚಿಸಿದ್ರಿ."

ಒಳಗಿನಮ್ಮ ಜಾರಿದ್ದ ಚೀಲದ ಪಟ್ಟಿಯನ್ನು ಎತ್ತಿ ಅವಳ ಭುಜಕ್ಕೆ ಸರಿಸಿದಳು. "ಒಳಗೆ ಈಗ ಏನು ಇಟ್ಕೊಂಡಿದ್ದೀಯ?" ಎಂದು ಕೇಳಿದಳು.

"ಮಗನ ಕಾಲ್ಚೀಲ. ಒಂದರೊಳಗೆ ಒಂದು ತುರುಕಿ." ಕಂಡಕ್ಟರು ಹಲ್ಲು ಬಿಟ್ಟಳು. "ಮೊನ್ನೆ ರಶ್ಶಲ್ಲಿ ಜಾರಿ ಬಿತ್ತು. ಒಬ್ಬ ಅಜ್ಜ ಎತ್ತಿ ಕೊಟ್ಟ, ಇದು ಯಾರದ್ದಮ್ಮ ಅಂತ. ನಾನು, ಗೊತ್ತಿಲ್ಲ ಅಜ್ಜ, ಅದು ಟಿಕೆಟ್ ತಗೊಂಡಿಲ್ಲ, ಮುಂದಿನ ಸ್ಟಾಪಲ್ಲಿ ಇಳಿಸಿಬಿಡಿ ಅಂದೆ. ಬಸ್ಸೆಲ್ಲ ನಕ್ತು. ನಾನೂ ನಕ್ಕೆ. ಮನೆಗೆ ಹೋಗಿ ಬಾಗಿಲು ಹಾಕ್ಕೊಂಡ ಮೇಲೆ ನಗು ಬರ್ಲಿಲ್ಲ."

ಬಸ್ಸು ತಿರುವಿನಲ್ಲಿ ವಾಲಿತು. ಇಬ್ಬರೂ ಒಂದೇ ಕಂಬ ಹಿಡಿದುಕೊಂಡರು.

"ಅಕ್ಕ, ಬಸ್ಸಿಗೆ ಬೋರ್ಡ್ ಹಾಕದೆ ಓಡ್ಸಿದ್ರೆ ಏನಾಗುತ್ತೆ ಗೊತ್ತಾ? ದಿನಾ ಬರೋರಿಗೆ ಗೊತ್ತಿರುತ್ತೆ, ಹತ್ತುತ್ತಾರೆ. ಹೊಸಬ್ರು ನಿಂತ ಕಡೆ ನಿಂತೇ ಇರ್ತಾರೆ, ಬಸ್ಸು ಮುಂದೇನೇ ಹೋಗ್ತಿದ್ರೂ. ನಿಮ್ಮದು ಹಾಗೆ."

ಒಳಗಿನಮ್ಮ ಮಾರ್ಕೆಟ್‌ವರೆಗೂ ಹೋದಳು, ಅದೇ ಬಸ್ಸಿನಲ್ಲಿ ವಾಪಸು ಬಂದಳು. ದಾರಿಯುದ್ದಕ್ಕೂ ಕಿಟಕಿಯಿಂದ ಅಂಗಡಿಗಳ ಬೋರ್ಡುಗಳನ್ನೇ ಓದಿದಳು. ಹಲ್ಲು ಕೀಳುವವನು ಹಲ್ಲಿನ ಚಿತ್ರ ಹಾಕಿದ್ದ. ಮೂಲವ್ಯಾಧಿಗೆ ಔಷಧಿ ಕೊಡುವವನು ಆಳೆತ್ತರದ ಅಕ್ಷರದಲ್ಲಿ ಬರೆಸಿ, ಮೇಲೆ ದೀಪ ಬೇರೆ ಹಾಕಿಸಿದ್ದ. ಅವನಿಗಿಲ್ಲದ ನಾಚಿಕೆ ನನಗೆ ಯಾಕೆ ಬಂತು, ಯಾರು ತಂದುಕೊಟ್ಟರು ಎಂದು ಅವಳಿಗೆ ಆಶ್ಚರ್ಯವಾಯಿತು.

ರಜದ ದಿನ ಕಂಡಕ್ಟರು ಅಂಗಡಿಗೆ ಬಂದಳು. ಬೆಂಚಿನ ಕಡೆ ತಿರುಗಿಯೂ ನೋಡದೆ ಮಾಸ್ಟರ ಮೇಜಿನ ಎದುರು ಸೊಂಟಕ್ಕೆ ಕೈಕೊಟ್ಟು ನಿಂತಳು. "ಏನ್ ಮಾಸ್ಟ್ರೇ, ಇವತ್ತೂ ಪ್ಯಾಂಟು, ಶರ್ಟು ಅಷ್ಟೇನಾ?" ಮಾಸ್ಟರು ಕತ್ತರಿ ಬಡಿಯಬೇಕೋ ಬೇಡವೋ ತಿಳಿಯದೆ ಕೈಯಲ್ಲೇ ಹಿಡಿದು ಕೂತರು. ಅಷ್ಟರಲ್ಲಿ ಒಳಗಿನಮ್ಮ ಪರದೆಯನ್ನು ಪೂರ್ತಿ ಸರಿಸಿ, "ಬಾರೇ, ನಿನ್ನ ಗಂಟಲಿಗೂ ಒಂದು ಒಳಂಗಿ ಹೊಲೀತೀನಿ," ಎಂದು ಕರೆದಳು.

ಅಳತೆಗೆ ಹೊತ್ತು ಹಿಡಿಯಿತು. ಎದ್ದು ನಿಂತರೆ ಒಂದು, ಕೂತರೆ ಒಂದು. ಇವಳಿಗೆ ಮೂರನೆಯದೂ ಬೇಕಿತ್ತು, ಚೀಲ ಹಾಕಿಕೊಂಡಾಗಿನದು. ಒಳಗಿನಮ್ಮ ಅವಳನ್ನು ಕೋಣೆಯ ತುಂಬ ನಡೆಸಿದಳು, ಮೇಲಿನ ಹಲಗೆಯನ್ನು ಬಸ್ಸಿನ ಸರಳಿನಂತೆ ಹಿಡಿಸಿದಳು, ಬ್ರೇಕು ಹಾಕಿದಾಗ ಹೇಗೆ ವಾಲುತ್ತೀಯ ತೋರಿಸು ಎಂದಳು. ಗಾಯದ ಗೆರೆ ಕಂಕುಳಿನವರೆಗೂ ಹೋಗಿತ್ತು, ಇನ್ನೂ ಕೆಂಪಗಿತ್ತು. ಅದರ ಮೇಲೆ ಹೊಲಿಗೆಯ ಅಂಚು ತಾಗದಂತೆ ಪಟ್ಟಿಯನ್ನು ಹಿಂದಿನಿಂದ ಸುತ್ತಿ ತರಬೇಕಾಯಿತು. ಸಾಸಿವೆ ಸಾಲದೆ ಎರಡು ಸಲ ತುಂಬಿದಳು; ತುಂಬುತ್ತ ಸೊಸೆಯ ಸೈಟಿನ, ಅದರಲ್ಲಿದ್ದ ಯಾರದೋ ಪುಕ್ಕಟೆ ಫೋಟೋದ ಕತೆ ಹೇಳಿದಳು. ಅಷ್ಟು ಹೊತ್ತೂ ಕಂಡಕ್ಟರು ಕನ್ನಡಿ ನೋಡದೆ ಗೋಡೆ ನೋಡುತ್ತಿದ್ದಳು. ಎಲ್ಲ ಮುಗಿದು ಶರ್ಟಿನ ಗುಂಡಿ ಹಾಕಿಕೊಂಡ ಮೇಲೆ ಒಮ್ಮೆ ತಿರುಗಿ ನೋಡಿಕೊಂಡಳು. ಮತ್ತೊಮ್ಮೆ ನೋಡಿಕೊಂಡಳು.

"ಅಕ್ಕ," ಎಂದಳು, ಮೊದಲ ಬಾರಿಗೆ ಸಣ್ಣ ದನಿಯಲ್ಲಿ. "ಫೋಟೋ ಹಾಕೋದಿದ್ರೆ ನಂದು ಹಾಕಿ. ಯೂನಿಫಾರಮ್ಮಲ್ಲಿ. ಮುಖಾನೂ ಬರ್ಲಿ."

"ನಿನ್ನ ಮನೆಯವರು?"

"ಮಗ ಕಾಲ್ಚೀಲ ವಾಪಸ್ ಬರ್ಲಿ ಅಂತ ಕಾಯ್ತಿದ್ದಾನೆ."

ಆ ಸಂಜೆಯೇ ಒಳಗಿನಮ್ಮ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು, ಆ ಹುಡುಗಿಯನ್ನೂ ಕೋಟಿನವನನ್ನೂ ಮನೆಗೆ ಕಳಿಸು, ನಾನು ಹೇಳಿದ ಹಾಗೆ ಬರಿ ಎಂದಳು. ಹೇಳುತ್ತ ಹೇಳುತ್ತ ಕೈಯಲ್ಲಿದ್ದ ಬಟ್ಟೆಗೆ ಹೊಲಿಗೆ ಹಾಕುತ್ತಲೇ ಇದ್ದಳು. "ರೋಗಕ್ಕೆ ಒಂದು ಮೊಲೆಯನ್ನೋ ಎರಡನ್ನೋ ತೆಗೆಸಿಕೊಂಡ ಹೆಂಗಸರಿಗೆ ಇಲ್ಲಿ ಒಳಂಗಿ ಹೊಲಿದು ಕೊಡುತ್ತೇವೆ. ಅಳತೆ ತೆಗೆಯುವವಳು ಹೆಂಗಸು. ಕೋಣೆಗೆ ಎರಡು ಮಡಿಕೆಯ ಪರದೆಯಿದೆ. ಔಷಧಿ ಅಂಗಡಿಯ ಪಕ್ಕದ ಬಾಗಿಲು. ಯಾರನ್ನೂ ದಾರಿ ಕೇಳಬೇಕಾಗಿಲ್ಲ."

"ಆ ಪದಾನೇ ಹಾಕ್ಲಾ ಅತ್ತೆ?"

"ಡಾಕ್ಟ್ರು ಕತ್ತರಿಸಿದ್ದು ಯಾವುದನ್ನ? ವಿಶೇಷ ಅಗತ್ಯಾನಾ?"

ಸೊಸೆ ಬರೆದಳು. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡದಾಗಿ. ಕೆಳಗೆ ಕಂಡಕ್ಟರ ಫೋಟೋ. ಪ್ಯಾಂಟು, ಶರ್ಟು ಆಮೇಲೆ.

ಮಾಸ್ಟರು ಕನ್ನಡಕ ಹಾಕಿಕೊಂಡು ಓದಿದರು. ಅರ್ಧ ಓದಿ ಫೋನನ್ನು ಮೇಜಿನ ಮೇಲೆ ಇಟ್ಟುಬಿಟ್ಟರು, ಬಿಸಿ ಇಸ್ತ್ರಿಪೆಟ್ಟಿಗೆ ಮುಟ್ಟಿದವರಂತೆ. "ಇದು ನನ್ನ ಅಂಗಡಿ."

"ಹೌದು."

"ನಾಳೆ ಆ ಗಂಡಸರ ಮುಖ ನಾನು ಹೇಗೆ ನೋಡ್ಲಿ?"

"ಅವರ ಸೊಂಟ ನೋಡಿ, ಸಾಕು. ನೀವು ಹೊಲಿಯೋದು ಪ್ಯಾಂಟು."

ಸೊಸೆ ನಗು ತಡೆಯಲಾರದೆ ಹಿತ್ತಿಲಿಗೆ ಓಡಿದಳು. ಮಾಸ್ಟರು ನಗಲಿಲ್ಲ. "ತಮಾಷೆ ಅಲ್ಲ ಕಣೆ. ಇಷ್ಟು ವರ್ಷ ಆ ಬೆಂಚಿನ ಕಡೆ ನಾನು ಕಣ್ಣೆತ್ತಿ ನೋಡಿದ್ದೀನಾ? ಒಬ್ಬ ಹೆಂಗಸಾದ್ರೂ ನನ್ನಿಂದ ಮುಜುಗರ ಪಟ್ಟಿದ್ದಾಳಾ?"

ಒಳಗಿನಮ್ಮನ ಸೂಜಿ ನಿಂತಿತು. ಅವರು ಹೇಳಿದ್ದು ಸುಳ್ಳಲ್ಲ. "ಇಲ್ಲ," ಎಂದಳು. "ನೀವು ನೋಡ್ಲಿಲ್ಲ. ಅದಕ್ಕೆ ನಿಮ್ಮ ಮೇಲೆ ನನಗೆ ಗೌರವ. ಆದ್ರೆ ನೋಡದೇ ಇರೋದನ್ನೇ ದೊಡ್ಡ ಉಪಕಾರ ಅಂತ ಮಾಡ್ಕೊಂಡ್ವಿ ನಾವಿಬ್ರೂ. ಅವರೇನು ಕದ್ದು ಬಂದವರಾ? ನಾನೇನು ಕಳ್ಳಮಾಲು ಹೊಲೀತೀನಾ?"

"ನಾಲ್ಕು ಜನ ನಕ್ರೆ?"

"ನಗ್ಲಿ. ಹಲ್ಲು ನೋಯೋವರೆಗೂ ನಗ್ಲಿ. ಇದು ಸೈಟಿಗೆ ಹೋಗುತ್ತೆ. ಇಲ್ಲಾಂದ್ರೆ ನನ್ನ ಮಿಷನ್ನು ಹೊತ್ಕೊಂಡು ಬೇರೆ ಕಡೆ ನಾನು ಹೋಗ್ತೀನಿ. ಎರಡರಲ್ಲಿ ಒಂದು."

ಮಾಸ್ಟರು ಅವಳ ಮುಖ ನೋಡಿದರು. ಮಿಷನ್ನು ಹೊರುವ ಶಕ್ತಿ ಅವಳಿಗಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಹೊತ್ತೇ ಹೊರುತ್ತಾಳೆ ಎಂಬುದೂ ಗೊತ್ತಿತ್ತು. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ವಿಷಯ ಟೀಚರಮ್ಮನಿಗೆ ಹೇಗೋ ತಲುಪಿತು. ಹಿತ್ತಿಲ ಬಾಗಿಲಿಂದ ಬಂದರು, ಕೂರಲಿಲ್ಲ. "ನನ್ನ ಹೆಸರು?"

"ನಿಮ್ಮ ಹೆಸರೂ ಇಲ್ಲ, ನೆರಳೂ ಇಲ್ಲ. ಯಾವತ್ತೂ ಬರಲ್ಲ."

"ಆದ್ರೆ ಇನ್ಮೇಲೆ ನಿಮ್ಮ ಬಾಗಿಲು ಹತ್ತಿದೋರೆಲ್ಲ ಯಾತಕ್ಕೆ ಅಂತ ಬೀದಿಗೆ ಗೊತ್ತಾಗುತ್ತಲ್ಲ. ನಾನು ಹೇಗೆ ಬರ್ಲಿ?"

"ನಾನೇ ನಿಮ್ಮ ಮನೆಗೆ ಬರ್ತೀನಿ."

"ಬೇಡ. ಮನೆಗೆ ಬೇಡವೇ ಬೇಡ." ಟೀಚರಮ್ಮನ ಕಣ್ಣು ತುಂಬಿತ್ತು, ಸಿಟ್ಟೋ ದುಃಖವೋ ತಿಳಿಯುವಂತಿರಲಿಲ್ಲ. "ನಮಗಿದ್ದಿದ್ದು ಇದೊಂದೇ ಜಾಗ. ಇದನ್ನೂ ಬಯಲು ಮಾಡಿದ್ರಿ." ಹೋದವರು ಮತ್ತೆ ಬರಲಿಲ್ಲ. ಅವರಿಗೆಂದು ಕತ್ತರಿಸಿಟ್ಟ ಬಟ್ಟೆ ಮಡಿಕೆ ಬಿಚ್ಚದೆ ಉಳಿಯಿತು. ಒಳಗಿನಮ್ಮ ಅದನ್ನು ಬೇರೆ ಯಾರಿಗೂ ಬಳಸಲಿಲ್ಲ.

ಸೈಟಿಗೆಂದು ಸೊಸೆ ಹೊಸ ನಂಬರು ತಂದು ಹಳೆಯ ಫೋನಿಗೆ ಹಾಕಿಕೊಟ್ಟು, ಸೈಟನ್ನು ಹೊರಗೆ ಬಿಟ್ಟಳು. ಒಳಕೋಣೆಯಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ಹಿತ್ತಿಲಲ್ಲಿ ಸಿಕ್ಕರೂ ಮಾತು ಹರಿದು ಹರಿದು ಬರುತ್ತಿತ್ತು. ಸರಿಯಾಗಿ ಸಿಗುತ್ತಿದ್ದ ಜಾಗ ಒಂದೇ, ಮುಂಭಾಗದಲ್ಲಿ ಮಾಸ್ಟರ ಕತ್ತರಿಸುವ ಮೇಜಿನ ಈ ತುದಿ. ಹಾಗಾಗಿ ಒಳಗಿನಮ್ಮ ತನ್ನ ಕೈಹೊಲಿಗೆಯನ್ನೆಲ್ಲ ಎತ್ತಿಕೊಂಡು ಬಂದು ಅಲ್ಲೇ ಕೂರತೊಡಗಿದಳು. ಗಂಡಹೆಂಡತಿ ಒಂದೇ ಮೇಜಿನ ಎರಡು ತುದಿ. ಮಾಸ್ಟರು ಸೂಜಿ, ದಾರ ಬೇಕಾದರೂ ಸೊಸೆಯ ಮೂಲಕ ಕೇಳುತ್ತಿದ್ದರು.

ಮೊದಲು ಬಂದ ಕರೆಗಳು ಬೇರೆ ಏನೇನಕ್ಕೋ ಬಂದವು. ಸಾಲ ಬೇಕಾ ಎಂದು ಒಬ್ಬಳು ಕೇಳಿದಳು. ಸೋಫಾ ಹೊಲಿಯುತ್ತೀರಾ ಎಂದು ಇನ್ನೊಬ್ಬ. ಆಮೇಲೆ ಒಂದು ದಿನ, ಪ್ಯಾಂಟು ಒಯ್ಯಲು ಬಂದವರು ಮೂವರು ಕೂತಿದ್ದಾಗ, ಫೋನು ಕಿರುಗುಟ್ಟಿತು. ಆ ಹಳೆಯ ಫೋನಿನ ದನಿ ಕಿವಿಗೆ ಹಿಡಿದವರಿಗಿಂತ ಪಕ್ಕದವರಿಗೇ ಹೆಚ್ಚು ಕೇಳಿಸುತ್ತಿತ್ತು.

"ಹಲೋ, ಅಲ್ಲಿ ಎದೆ ಮಾರ್ತೀರಂತೆ? ಯಾವ ಯಾವ ಸೈಜ್ ಇಟ್ಟಿದ್ದೀರಿ?" ಪ್ರಾಯದ ದನಿ. ಅದರ ಹಿಂದೆ ಇನ್ನೂ ನಾಲ್ಕೈದು ದನಿಗಳ ಕಿಸಿಕಿಸಿ.

ಮಾಸ್ಟರ ಮುಖ ಕಪ್ಪಿಟ್ಟಿತು. ಕೂತಿದ್ದವರಲ್ಲಿ ಒಬ್ಬ ಚಪ್ಪಲಿ ನೋಡತೊಡಗಿದ. ಒಳಗಿನಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.

"ಎಲ್ಲ ಸೈಜೂ ಹೊಲೀತೀನಿ ಮಗ. ಯಾರಿಗೆ ಬೇಕಿತ್ತು, ನಿನ್ನ ಅಮ್ಮನಿಗಾ? ಅಕ್ಕನಿಗಾ? ಆಪರೇಷನ್ ಯಾವಾಗ ಆಯ್ತು? ಗಾಯ ಒಣಗಿದೆಯಾ? ಸಂಕೋಚ ಮಾಡ್ಕೋಬೇಡ, ಹೇಳು. ಕರ್ಕೊಂಡು ಬಾ, ನಾನೇ ಅಳತೆ ತಗೋತೀನಿ."

ಕಿಸಿಕಿಸಿ ನಿಂತಿತು. ಆ ಕಡೆ ಯಾರೋ "ಇಡೋ, ಇಡೋ" ಅಂದದ್ದು ಕೇಳಿಸಿತು. ಕರೆ ಕಡಿದುಹೋಯಿತು.

"ಕೇಳಿದೆಯಾ?" ಅಷ್ಟು ದಿನಗಳ ನಂತರ ಮಾಸ್ಟರು ನೇರವಾಗಿ ಅವಳ ಜೊತೆ ಆಡಿದ ಮೊದಲ ಮಾತು ಅದು. ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದರು. "ಕೇಳಿದೆಯಾ ಕಿವಿಯಾರೆ? ಇದೇ ಬೇಕಿತ್ತಾ ನಿನಗೆ? ಈಗ್ಲಾದ್ರೂ ತೆಗೆಸು ಅದನ್ನ."

"ತೆಗೆಸಲ್ಲ."

"ದಿನಾ ಬರ್ತವೆ ಇಂಥವು."

"ಬರ್ಲಿ. ದಿನಾ ಹೇಳ್ತೀನಿ." ಅವಳು ಸೂಜಿಗೆ ದಾರ ಪೋಣಿಸಲು ಹೋದಳು. ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ. ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಮತ್ತೆ ಪ್ರಯತ್ನಿಸಿದಳು, ಆಗಲೂ ಹೋಗಲಿಲ್ಲ. ಸೊಸೆ ಸೂಜಿಯನ್ನು ಅವಳ ಕೈಯಿಂದ ತೆಗೆದುಕೊಂಡು ಪೋಣಿಸಿ ಕೊಟ್ಟಳು. ಮಾಸ್ಟರು ಯಂತ್ರದತ್ತ ತಿರುಗಿ, ಯಾರನ್ನೋ ತುಳಿಯುವವರಂತೆ ಪೆಡಲು ತುಳಿಯತೊಡಗಿದರು. ಅಂಗಡಿ ತುಂಬ ಅದರ ದಡದಡ.

ಫೋನು ಮತ್ತೆ ಕಿರುಗುಟ್ಟಿತು.

ಬೇಡ ಎಂಬಂತೆ ಮಾಸ್ಟರು ತಲೆ ಆಡಿಸಿದರು. ಅವಳು ತೆಗೆದುಕೊಂಡಳು. "ಹೇಳಿ."

ಆ ಕಡೆಯಿಂದ ಏನೂ ಬರಲಿಲ್ಲ. ನಗುವಿಲ್ಲ, ಮಾತಿಲ್ಲ. ಒಳಗಿನಮ್ಮ ಕಣ್ಣು ಮುಚ್ಚಿಕೊಂಡು ಕಿವಿಗೆ ಒತ್ತಿ ಹಿಡಿದಳು. ಯಂತ್ರದ ಸದ್ದಿನ ಅಡಿಯಲ್ಲಿ, ಎಲ್ಲೋ ದೂರದಲ್ಲಿ, ನಲ್ಲಿ ತೊಟ್ಟಿಕ್ಕುವ ಸದ್ದು. ಬಾಗಿಲು ಮುಚ್ಚಿಕೊಂಡು ಒಳಗೆ ನಿಂತ ಯಾರದೋ ಉಸಿರು. ಒಂದು ಮಾತು ತುಟಿಯವರೆಗೆ ಬಂದು ಹಿಂದಕ್ಕೆ ಹೋದಂತೆ ಉಸಿರು ತಡೆಯುತ್ತಿತ್ತು, ಮತ್ತೆ ಬರುತ್ತಿತ್ತು.

"ನಾನೇ ಹೊಲಿಯೋದಮ್ಮ," ಎಂದಳು. "ನನಗೇನೂ ಅವಸರ ಇಲ್ಲ. ನೀನು ನಿಧಾನಕ್ಕೆ ಹೇಳು."

ಉಸಿರು ಗಕ್ಕನೆ ಒಡೆದು, ಅಳುವೋ ಮಾತೋ ಗೊತ್ತಾಗದ ಸಣ್ಣ ದನಿಯೊಂದು ಹೊರಟಿತು. ಒಳಗಿನಮ್ಮನಿಗೆ ಅದು ಸರಿಯಾಗಿ ಕೇಳಿಸಲಿಲ್ಲ. ಅವಳು ಖಾಲಿ ಕೈಯನ್ನು ಇನ್ನೊಂದು ಕಿವಿಗೆ ಅಡ್ಡ ಹಿಡಿದು, ಮೇಜಿನ ಮೇಲೆ ಇನ್ನಷ್ಟು ಬಗ್ಗಿದಳು.

ಮಾಸ್ಟರು ಅವಳನ್ನೇ ನೋಡುತ್ತಿದ್ದರು. ಪ್ಯಾಂಟಿನ ಕಾಲು ಅರ್ಧ ಹೊಲಿಗೆಯಲ್ಲಿತ್ತು. ಅವರು ಪೆಡಲಿನಿಂದ ಪಾದ ಎತ್ತಿದರು. ಆದರೂ ಚಕ್ರ ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಅಂಗೈಯನ್ನು ಅದರ ಮೇಲೆ ಇಟ್ಟು, ಸದ್ದಾಗದಂತೆ, ಮೆಲ್ಲಗೆ ಹಿಡಿದು ನಿಲ್ಲಿಸಿದರು.